ಮೇಜು ಕುಟ್ಟುವ ತರಗತಿ

ಆ ಶಾಲೆಯಲ್ಲಿ ಹತ್ತನೆಯ ತರಗತಿಗೆ ರಸಾಯನಶಾಸ್ತ್ರದ ಪಾಠ ನಡೆಯುವಾಗ ಮೊಗಸಾಲೆಯಲ್ಲಿ ಹಾದುಹೋಗುವವರಿಗೆ ಆಗಾಗ ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿತ್ತು. ಹೊಸಬರು ಒಳಗೆ ಬಡಗಿ ಬೆಂಚು ರಿಪೇರಿ ಮಾಡುತ್ತಿದ್ದಾನೆಂದು ತಿಳಿಯುತ್ತಿದ್ದರು. ಹಳಬರಿಗೆ ಸಂಗತಿ ಗೊತ್ತಿತ್ತು. ಕಪ್ಪುಹಲಗೆಯ ಮೇಲೆ ಒಂದು ತಪ್ಪು ಬಿದ್ದಿದೆ, ಮಕ್ಕಳಲ್ಲಿ ಯಾರೋ ಅದನ್ನು ಹಿಡಿದಿದ್ದಾರೆ.

ತಪ್ಪು ಕಂಡವರು ಬೆರಳ ಗೆಣ್ಣಿನಿಂದ ಎರಡು ಸಲ ಮೇಜು ಕುಟ್ಟಬೇಕು. ಎದ್ದು ನಿಲ್ಲಬೇಕಾಗಿಲ್ಲ, ಅಪ್ಪಣೆ ಕೇಳಬೇಕಾಗಿಲ್ಲ. ಸದ್ದು ಕೇಳಿದೊಡನೆ ಪಾಠ ಹೇಳುವವರು ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ತಿರುಗಬೇಕು. ಕುಟ್ಟಿದವರು ತಪ್ಪೇನೆಂದು ಹೇಳಿದರೆ ಸಾಲದು, ಏಕೆ ತಪ್ಪೆಂದೂ ಹೇಳಬೇಕು. ಕಾರಣ ಹೇಳಲಾರದವರ ಕುಟ್ಟು ಲೆಕ್ಕಕ್ಕಿಲ್ಲ.

ಈ ಪದ್ಧತಿಯನ್ನು ಹುಟ್ಟುಹಾಕಿದವರು ಸ್ಪ್ರಿಂಗ್ ಮೇಷ್ಟ್ರು. ಅವರು ಪ್ರತಿ ಪಾಠದಲ್ಲಿಯೂ ಬೇಕೆಂದೇ ಒಂದು ತಪ್ಪನ್ನು ಸೇರಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಕಲ್ಲು’. “ಕಾಳಿನಲ್ಲಿ ಒಂದು ಕಲ್ಲು ಹಾಕಿದೀನಿ. ಹಲ್ಲಿಗೆ ಸಿಗೋ ಮುಂಚೆ ಕೈಗೆ ಸಿಗಬೇಕು” ಎಂದು ಹೇಳಿಯೇ ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದರು. ಹೀಗಾಗಿ ಅವರ ತರಗತಿಯಲ್ಲಿ ನಿದ್ದೆಹೋದವನೂ ಮೈಯೆಲ್ಲ ಕಿವಿಯಾಗಿ ಎಚ್ಚರಗೊಳ್ಳುತ್ತಿದ್ದ.

ಅವರ ಅಡ್ಡಹೆಸರು ಬಂದದ್ದು ಬೇರೊಂದು ಕಾರಣದಿಂದ. ರಾಸಾಯನಿಕ ಬಂಧದ ಪಾಠಕ್ಕೆ ಅವರು ಎರಡು ಮರದ ತುಂಡುಗಳನ್ನೂ ಒಂದು ಉಕ್ಕಿನ ಸ್ಪ್ರಿಂಗನ್ನೂ ತರುತ್ತಿದ್ದರು. ತುಂಡುಗಳ ನಡುವೆ ಸ್ಪ್ರಿಂಗನ್ನು ಅದುಮಿ, ದಾರದಿಂದ ಬಿಗಿದು ಕಟ್ಟಿ, ಮೇಜಿನ ನಡುವೆ ಇಡುವರು. ಈ ತುಂಡು ಒಂದು ಪರಮಾಣು, ಆ ತುಂಡು ಇನ್ನೊಂದು, ದಾರವೇ ಬಂಧ. ಕತ್ತರಿಯಿಂದ ದಾರವನ್ನು ಕತ್ತರಿಸಿದೊಡನೆ ತುಂಡುಗಳು ಫಟ್ಟೆಂದು ಸಿಡಿದು ಒಂದು ಗೋಡೆಗೂ ಇನ್ನೊಂದು ಯಾರದಾದರೂ ಮೊಣಕಾಲಿಗೂ ಬಡಿಯುವುವು. “ಬಂಧ ಮುರೀತು, ಒಳಗೆ ಅಡಗಿದ್ದ ಶಕ್ತಿ ಹೊರಗೆ ಬಂತು. ಸೌದೆ ಉರಿಯೋದೂ ಹೀಗೇ, ನೀವು ಓಡೋದೂ ಹೀಗೇ.” ಅಂಚೆ ಕಚೇರಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಹಳೆಯ ವಿದ್ಯಾರ್ಥಿಗಳು ಎದುರಾದರೆ ಮೊದಲು ನೆನೆಯುತ್ತಿದ್ದದ್ದು ಆ ಸ್ಪ್ರಿಂಗನ್ನೇ. ತಮ್ಮ ಮಕ್ಕಳಿಗೂ ಅವರು ಅದನ್ನು ಹಾಗೆಯೇ ಹೇಳಿಕೊಟ್ಟಿದ್ದರು.

ಆದರೆ ಆ ಪಾಠ ತಪ್ಪು. ಬಂಧ ಮುರಿದರೆ ಶಕ್ತಿ ಹೊರಬರುವುದಿಲ್ಲ. ಬಂಧವನ್ನು ಮುರಿಯಲು ನಾವೇ ಶಕ್ತಿಯನ್ನು ತೆರಬೇಕು. ಬಂಧ ಕೂಡುವಾಗಲೇ ಶಕ್ತಿ ಬಿಡುಗಡೆಯಾಗುವುದು. ಸೌದೆ ಉರಿದಾಗ ಬಿಸಿ ಬರುವುದು ಹಳೆಯ ಬಂಧಗಳು ಮುರಿದದ್ದರಿಂದಲ್ಲ, ಅವಕ್ಕಿಂತ ಗಟ್ಟಿಯಾದ ಹೊಸ ಬಂಧಗಳು ಕೂಡಿದ್ದರಿಂದ. ಸ್ಪ್ರಿಂಗು ತೋರಿಸಿದ್ದು ಇದಕ್ಕೆ ನೇರ ವಿರುದ್ಧವಾದುದನ್ನು. ಅದು ಮೇಷ್ಟ್ರು ಬೇಕೆಂದು ಹಾಕಿದ ಕಲ್ಲಲ್ಲ, ಅವರ ಕೈಗೇ ಸಿಗದೆ ಉಳಿದ ಕಲ್ಲು.

ಇದು ಗೊತ್ತಿದ್ದವಳು ಈಗ ಅದೇ ತರಗತಿಗೆ ಪಾಠ ಹೇಳುತ್ತಿದ್ದ ಅಧ್ಯಾಪಕಿ. ಆಕೆ ಮೇಷ್ಟ್ರ ಶಿಷ್ಯೆ. ಕಾಲೇಜಿನ ಎರಡನೆಯ ವರ್ಷದಲ್ಲಿ ಸ್ಪ್ರಿಂಗಿನ ಉದಾಹರಣೆಯನ್ನು ಹೆಮ್ಮೆಯಿಂದ ಪರೀಕ್ಷೆಯಲ್ಲಿ ಬರೆದು ಸೊನ್ನೆ ತೆಗೆದುಕೊಂಡಾಗ ಆಕೆಗೆ ನಿಜ ತಿಳಿಯಿತು. ರಜೆಗೆ ಬಂದಾಗ ಹೇಳಿಬಿಡಬೇಕೆಂದು ನೇರವಾಗಿ ಶಾಲೆಗೆ ಹೋದಳು. ಮೇಷ್ಟ್ರು ಆಕೆಯನ್ನು ತರಗತಿಯ ಮುಂದೆ ನಿಲ್ಲಿಸಿ, “ಇವಳು ನನ್ನ ಹುಡುಗಿ. ಇವಳು ಕುಟ್ಟಿದರೆ ಗುರಿ ತಪ್ಪೋದಿಲ್ಲ” ಎಂದರು. ಆಕೆ ಆಡಬೇಕಾದ ಮಾತನ್ನು ಆಡದೆಯೇ ಹಿಂದಿರುಗಿದಳು. ಮುಂದೆ ಅದೇ ಶಾಲೆಗೆ ಅಧ್ಯಾಪಕಿಯಾಗಿ ಬಂದು, ಮೇಷ್ಟ್ರು ನಿವೃತ್ತರಾಗುವವರೆಗೆ ಪಕ್ಕದ ಕೋಣೆಯಲ್ಲಿ ಪಾಠ ಹೇಳಿದಳು. ವರ್ಷಕ್ಕೊಮ್ಮೆ ಗೋಡೆಯಾಚೆಯಿಂದ ಫಟ್ಟೆಂಬ ಸದ್ದೂ ಅದರ ಬೆನ್ನಿಗೆ ಮಕ್ಕಳ ನಗುವೂ ಕೇಳಿಸುತ್ತಿದ್ದವು. ಆಗೆಲ್ಲ ಆಕೆ ಸೀಮೆಸುಣ್ಣ ಹಿಡಿದು ಕ್ಷಣಕಾಲ ಸುಮ್ಮನೆ ನಿಲ್ಲುತ್ತಿದ್ದಳು. ಗುರುವಿನ ತಪ್ಪನ್ನು ಎತ್ತಿ ತೋರಿಸದಿರುವುದೇ ಗೌರವವೆಂದು ಆಕೆ ತನಗೆ ತಾನೇ ಹೇಳಿಕೊಂಡಿದ್ದಳು; ಹೇಳಿಕೊಂಡಷ್ಟೂ ಅದು ನಿಜವೆನ್ನಿಸಿತ್ತು.

ತನ್ನ ಸರದಿ ಬಂದಾಗ ಆಕೆ ಸ್ಪ್ರಿಂಗಿನ ಗೋಜಿಗೆ ಹೋಗಲಿಲ್ಲ, ಎರಡು ಆಯಸ್ಕಾಂತಗಳನ್ನು ಮೇಜಿಗೆ ತಂದಳು. ಮೇಜು ಕುಟ್ಟುವ ಪದ್ಧತಿಯನ್ನು ಮಾತ್ರ ಉಳಿಸಿಕೊಂಡಳು. ಬೇಕೆಂದು ಕಲ್ಲು ಹಾಕುವುದು ಮೊದಮೊದಲು ನಡೆಯಿತು; ಪಾಠಗಳನ್ನು ಮುಗಿಸುವ ಅವಸರದಲ್ಲಿ ಅದು ಕ್ರಮೇಣ ನಿಂತೇಹೋಯಿತು. ಆಕೆಯ ತರಗತಿಯಲ್ಲಿ ಸಿಗುತ್ತಿದ್ದ ಕಲ್ಲುಗಳೆಲ್ಲ ತಾವಾಗಿ ಬಿದ್ದವು.

ಮೇಷ್ಟ್ರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಅವರ ನೋಟದ ನಡುಭಾಗ ಮಸುಕಾಗತೊಡಗಿತು. ಅಂಚುಗಳು ಕಾಣುತ್ತಿದ್ದವು, ನೇರವಾಗಿ ನೋಡಿದ್ದು ಕಾಣುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಅಕ್ಷರ ಕಾಣುವುದು ನಿಲ್ಲುತ್ತದೆಂದು ವೈದ್ಯರು ಹೇಳಿದರು. ಮರುದಿನವೇ ಮೇಷ್ಟ್ರು ಹೆಂಡತಿಯ ಕೈ ಹಿಡಿದು ಶಾಲೆಗೆ ಬಂದು ಮುಖ್ಯೋಪಾಧ್ಯಾಯಿನಿಯ ಮುಂದೆ ಕುಳಿತರು.

“ಒಂದು ಪೀರಿಯಡ್ ಕೊಡಿ. ಹಲಗೆ ಕಾಣೋವಾಗಲೇ ಇನ್ನೊಂದು ಸಲ ನಿಲ್ಲಬೇಕು.”

“ಯಾವ ಪಾಠ ತಗೋತೀರಿ ಸರ್?”

“ಅದೇನು ಕೇಳ್ತೀರಿ? ಸ್ಪ್ರಿಂಗೇ.”

ಅಧ್ಯಾಪಕಿ ಪಕ್ಕದಲ್ಲಿಯೇ ನಿಂತಿದ್ದಳು. ಬಂಧದ ಪಾಠವನ್ನು ಆಕೆ ಆಗಷ್ಟೇ ಮುಗಿಸಿದ್ದಳು. ಮಕ್ಕಳೆಲ್ಲರಿಗೂ ನಿಜ ಗೊತ್ತಿತ್ತು. ಮೇಷ್ಟ್ರು ದಾರ ಕತ್ತರಿಸಿ ಆ ಮಾತನ್ನು ಆಡಿದ ಕ್ಷಣದಲ್ಲಿಯೇ ಇಡೀ ತರಗತಿ ಅವರದೇ ನಿಯಮದಂತೆ ಮೇಜು ಕುಟ್ಟುವುದು ಖಂಡಿತ.

ಅಂದು ಸಂಜೆ ಮನೆಯಲ್ಲಿ ಆಕೆ ಇದನ್ನು ಹೇಳಿಕೊಂಡಳು. ಗಂಡನದು ಗಡಿಯಾರ ರಿಪೇರಿಯ ಅಂಗಡಿ. ಊಟದ ಮೇಜಿನ ಮೇಲೂ ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ.

“ನನ್ನ ಅಂಗಡಿ ತುಂಬ ಸ್ಪ್ರಿಂಗೇ ಇದೆ. ನನ್ನನ್ನ ಒಬ್ಬರೂ ಮೇಷ್ಟ್ರು ಅನ್ನಲ್ಲ ನೋಡು” ಎಂದ.

“ತಮಾಷೆ ಸಾಕು. ಏನು ಮಾಡಲಿ ಹೇಳಿ.”

“ಹೋಗಿ ಹೇಳಿಬಿಡು. ಅವರೇನು ನಿನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಾರಾ?”

ಒಳಗಿನಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. “ಅವನ ಮಾತು ಕೇಳಬೇಡ. ಕಣ್ಣು ಹೋಗ್ತಿರೋ ಮನುಷ್ಯರಿಗೆ ಇದೊಂದನ್ನೇ ಕಣ್ಣು ತೆರೆಸಿ ತೋರಿಸಬೇಕಾ? ಒಂದು ಗಂಟೆ ಪಾಠ. ಸಂತೋಷವಾಗಿ ಮಾಡಿ ಹೋಗಲಿ.”

“ಅಮ್ಮ, ತಪ್ಪು ತಪ್ಪೇ ಅಲ್ವಾ?” ಎಂದ ಗಂಡ.

“ನೀನು ರಿಪೇರಿ ಮಾಡಿಕೊಟ್ಟ ಗಡಿಯಾರ ಹಿಂದೆ ಓಡ್ತು ಅಂತ ಮೇಷ್ಟ್ರು ಯಾವತ್ತಾದರೂ ನಿನ್ನ ಅಂಗಡಿ ಮುಂದೆ ನಿಂತು ಕೂಗಿದ್ರಾ?”

ಗಂಡ ಕಣ್ಣಿಗೆ ಮಸೂರ ಏರಿಸಿಕೊಂಡು ಮತ್ತೆ ಗಡಿಯಾರಕ್ಕೆ ಬಾಗಿದ.

ಆದರೂ ಮರುದಿನ ಆಕೆ ಮೇಷ್ಟ್ರ ಮನೆಯ ಮೆಟ್ಟಿಲು ಹತ್ತಿದಳು. ಅದು ಒಂದು ಔಷಧಿ ಅಂಗಡಿಯ ಮೇಲಿನ ಬಾಡಿಗೆ ಮನೆ. ಬಾಗಿಲು ತೆರೆದ ಅವರ ಹೆಂಡತಿ ಪಿಸುದನಿಯಲ್ಲಿ, “ಬೆಳಗಿನಿಂದ ಅದೇ ದಾರ ಕಟ್ಟೋದು, ಅದೇ ಬಿಚ್ಚೋದು. ನಾನು ಕಟ್ಟಿಕೊಡ್ತೀನಿ ಅಂದ್ರೆ ಬೇಡವಂತೆ” ಎಂದರು. ಕಿಟಕಿಯ ಬಳಿ ಮೇಷ್ಟ್ರು ತುಂಡುಗಳನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಕಣ್ಣನ್ನು ನೆಚ್ಚದೆ, ಬೆರಳುಗಳಿಂದಲೇ ಗಂಟು ಹಾಕುತ್ತಿದ್ದರು. ಗಂಟು ಬಿಗಿಯಾದಾಗ ಅವರ ಮುಖದ ಮೇಲೆ ಮೂಡಿದ ಸಮಾಧಾನವನ್ನು ಕಂಡು, ಆಕೆ ತಂದ ಮಾತನ್ನು ತಂದ ಹಾಗೆಯೇ ಹೊತ್ತು ಹಿಂದಿರುಗಿದಳು.

ಪಾಠದ ಹಿಂದಿನ ದಿನ ತರಗತಿ ಬಿಡುವ ಮುನ್ನ ಆಕೆ ಹೇಳಿದಳು: “ನಾಳೆ ಸರ್ ಪಾಠ ಮಾಡುವಾಗ ಯಾರೂ ಮೇಜು ಕುಟ್ಟಬಾರದು.”

ಮುಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಕೂಡಲೇ, “ಯಾಕೆ ಮಿಸ್?” ಎಂದಳು. ದಿನಕ್ಕೆ ಹತ್ತು ಸಲ ಹಾಗೆ ಕೇಳುತ್ತಿದ್ದುದರಿಂದ ಗೆಳತಿಯರು ಆಕೆಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು.

“ಅವರು ಅತಿಥಿ.”

“ಅತಿಥಿ ಹೇಳಿದ್ದು ತಪ್ಪಾದ್ರೆ?”

“ಆದರೂ ಬೇಡ. ನಾಳೆ ಒಂದು ದಿನ.”

“ಸರಿ ಮಿಸ್” ಎಂದು ಯಾಕಮ್ಮ ಕುಳಿತಳು. ಅದು ಒಪ್ಪಿಗೆಯ ದನಿಯಾಗಿರಲಿಲ್ಲ.

ಪಾಠ ನಡೆದದ್ದು ಪ್ರಯೋಗಾಲಯದಲ್ಲಿ. ಆಮ್ಲ ಬಿದ್ದು ಕಲೆಗಟ್ಟಿದ ಉದ್ದನೆಯ ಮೇಜುಗಳು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ, ಲೇಬಲ್ಲು ಹಳದಿಯಾದ ಸೀಸೆಗಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಮೂಗಿನ ತುಂಬ ಉಸಿರೆಳೆದುಕೊಂಡರು. “ಎಲ್ಲ ಇದ್ದಲ್ಲೇ ಇದೆ” ಎಂದರು. ಮಕ್ಕಳ ಮುಖಗಳನ್ನು ನೋಡಲು ಅವರು ಹಕ್ಕಿಯಂತೆ ಕತ್ತನ್ನು ಓರೆಮಾಡಬೇಕಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯಿನಿ ಕುಳಿತರು. ಅಧ್ಯಾಪಕಿ ಕಿಟಕಿಯ ಪಕ್ಕದಲ್ಲಿ ನಿಂತಳು.

ಮೇಷ್ಟ್ರ ದನಿ ಮಾತ್ರ ಹಳೆಯದೇ. “ಸೋಡಿಯಂ ಮನೆಯಲ್ಲಿ ಹೊರಗಿನ ಕೋಣೆಯಲ್ಲಿ ಒಂದೇ ಒಂದು ಎಲೆಕ್ಟ್ರಾನು. ಒಂಟಿ. ಕ್ಲೋರಿನ್ ಮನೆಯಲ್ಲಿ ಏಳು. ಎಂಟಾದ್ರೆ ಮನೆ ತುಂಬುತ್ತೆ. ಆ ಒಂದು ಕಡಿಮೆ ಇರೋದಕ್ಕೆ ಕ್ಲೋರಿನ್‌ಗೆ ನಿದ್ದೆ ಇಲ್ಲ.” ಮಕ್ಕಳು ನಕ್ಕರು. ಹಲಗೆಯ ಮೇಲೆ ಸಾಲುಗಳು ಓರೆಯಾಗಿ ಇಳಿದು ಒಂದರ ಮೇಲೊಂದು ಏರುತ್ತಿದ್ದವು, ಆದರೂ ಓದಬಹುದಾಗಿತ್ತು. ಸೋಡಿಯಂ ತನ್ನದನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ ಎಂದು ಬಾಣದ ಗುರುತು ಎಳೆದು, ಅದರ ಕೆಳಗೆ ಅವರು ಬರೆದರು: ಎಲೆಕ್ಟ್ರಾನನ್ನು ಕಳೆದುಕೊಂಡ ಸೋಡಿಯಂ ಋಣ ಅಯಾನು ಆಗುತ್ತದೆ.

ಬರೆದು, ಹಲಗೆಯ ಕಡೆಗೇ ಮುಖ ಮಾಡಿ, ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸುತ್ತ ನಿಂತರು.

ಆ ಉರುಳಿಸುವಿಕೆಯನ್ನು ಅಧ್ಯಾಪಕಿ ಬಲ್ಲಳು. ಋಣ ವಿದ್ಯುದಂಶವನ್ನು ಕಳೆದುಕೊಂಡದ್ದು ಧನ ಅಯಾನು ಆಗಬೇಕು, ಋಣವಲ್ಲ. ಎಂಟನೆಯ ತರಗತಿಯ ಮಗುವಿಗೂ ಕಾಣುವ ತಪ್ಪು. ಇದು ಇಂದಿನ ಕಲ್ಲು. ಸ್ಪ್ರಿಂಗಿನ ಚಿಂತೆಯಲ್ಲಿ ಮುಳುಗಿ, ಮೇಷ್ಟ್ರು ಕಲ್ಲು ಹಾಕದೆ ಪಾಠ ಮಾಡುವವರೇ ಅಲ್ಲವೆಂಬುದನ್ನು ಆಕೆ ಮರೆತೇಬಿಟ್ಟಿದ್ದಳು.

ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಯಾಕಮ್ಮನ ಮುಷ್ಟಿ ಮೇಜಿನಿಂದ ಬೆರಳಷ್ಟು ಮೇಲೆದ್ದು ಅಲ್ಲಿಯೇ ನಿಂತಿತ್ತು. ಕಣ್ಣು ಅಧ್ಯಾಪಕಿಯ ಮೇಲಿತ್ತು. ಒಮ್ಮೆ ತಲೆಯಾಡಿಸಿದ್ದರೆ ಸಾಕಾಗಿತ್ತು. ಆದರೆ ಈ ಕುಟ್ಟಿಗೆ ಬಾಗಿಲು ತೆರೆದರೆ ಸ್ಪ್ರಿಂಗಿನ ಕುಟ್ಟೂ ಅದೇ ಬಾಗಿಲಿನಿಂದ ಒಳನುಗ್ಗುತ್ತದೆ. ಅಧ್ಯಾಪಕಿ ಕಣ್ಣು ತಗ್ಗಿಸಿದಳು. ಮುಷ್ಟಿ ಸದ್ದಿಲ್ಲದೆ ಮಡಿಲಿಗಿಳಿಯಿತು.

ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಕಾದು, ಸೀಮೆಸುಣ್ಣವನ್ನು ಕೆಳಗಿಟ್ಟು ಚೀಲಕ್ಕೆ ಕೈ ಹಾಕಿದರು. ತುಂಡುಗಳು ಮೇಜಿಗೆ ಬಂದವು. ದಾರವನ್ನು ಬೆರಳಿನಿಂದ ತಡವಿ, ಕತ್ತರಿಯ ಬಾಯನ್ನು ಅದಕ್ಕೆ ಕೂಡಿಸಿ, ಕತ್ತರಿಸಿದರು. ಫಟ್ಟೆಂದು ಸಿಡಿದ ತುಂಡೊಂದು ನೀರಿನ ತೊಟ್ಟಿಗೆ ಬಡಿದು ಉರುಳಿತು.

“ಬಂಧ ಮುರೀತು. ಒಳಗಿದ್ದ ಶಕ್ತಿ ಹೊರಗೆ ಬಂತು” ಎಂದರು ಮೇಷ್ಟ್ರು.

ಯಾರೂ ನಗಲಿಲ್ಲ. ಮೂಲೆಯ ನಲ್ಲಿ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಮೇಷ್ಟ್ರು ಆ ಮೌನಕ್ಕೆ ಕಿವಿಯೊಡ್ಡಿ ನಿಂತರು. ಕಣ್ಣು ಕೈಕೊಟ್ಟ ಮೇಲೆ ಅವರ ಕಿವಿ ಬಹಳ ಚುರುಕಾಗಿತ್ತು.

“ನಾನು ಒಂದು ಕಲ್ಲು ಹಾಕಿದ್ದೆ” ಎಂದರು ಕೊನೆಗೆ. “ಸಣ್ಣ ಕಲ್ಲೂ ಅಲ್ಲ. ಬಂಡೆ. ನನಗೇ ಕಾಣೋ ಹಾಗಿತ್ತು. ಒಬ್ಬರೂ ಕುಟ್ಟಲಿಲ್ಲ.” ಕತ್ತನ್ನು ಓರೆಮಾಡಿ ಹಿಂದಿನ ಸಾಲನ್ನು ಹುಡುಕಿದರು. “ನಿಮ್ಮ ಕೆಮಿಸ್ಟ್ರಿ ಮೇಡಂ ಅವರು ಆ ಪದ್ಧತಿ ಬಿಟ್ಟುಬಿಟ್ಟಿರಬೇಕು. ಇರಲಿ. ಕಾಲ ಬದಲಾಯ್ತು.”

“ಇಲ್ಲ ಸರ್, ಬಿಟ್ಟಿಲ್ಲ” ಎಂದರು ಮುಖ್ಯೋಪಾಧ್ಯಾಯಿನಿ. “ದಿನಾ ನನ್ನ ಆಫೀಸಿಗೇ ಕೇಳಿಸುತ್ತೆ.”

“ಹಾಗಾದ್ರೆ ನನ್ನ ಪಾಠಕ್ಕೆ ಮಾತ್ರ ಯಾಕಿಲ್ಲ?” ಮೇಷ್ಟ್ರು ತಡವಿಕೊಂಡು ಸ್ಟೂಲಿನ ಮೇಲೆ ಕುಳಿತರು. “ಮಕ್ಕಳಿಗೆ ತಿಳೀಲಿಲ್ವಾ? ಇಲ್ಲಾಂದ್ರೆ ನಾನೇನು ಮುಟ್ಟಿದ್ರೆ ಒಡೆಯೋ ಗಾಜಾ?”

ಮಕ್ಕಳ ತಲೆಗಳು ತಗ್ಗಿದವು. ಗೊತ್ತಿದ್ದೂ ಗೊತ್ತಿಲ್ಲದವರೆನಿಸಿಕೊಂಡು ಕುಳಿತ ಆ ತಲೆಗಳನ್ನು ನೋಡಿ ಅಧ್ಯಾಪಕಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಬಂದು ಮೇಜಿನ ಬಳಿ ನಿಂತಳು.

“ನಾನೇ ಬೇಡ ಅಂದಿದ್ದೆ ಸರ್. ಮಕ್ಕಳದೇನೂ ತಪ್ಪಿಲ್ಲ.”

“ಯಾಕೆ?”

ಆಕೆ ಮಕ್ಕಳ ಕಡೆ ತಿರುಗಿ, “ನಿನ್ನೆ ಹೇಳಿದ್ದನ್ನ ವಾಪಸ್ ತಗೊಂಡಿದ್ದೀನಿ” ಎಂದಳು. “ಈ ತರಗತಿಯ ನಿಯಮ ಏನಿದೆಯೋ ಅದೇ.”

ಟಕ್ ಟಕ್.

“ಹೇಳಮ್ಮ” ಎಂದ ಮೇಷ್ಟ್ರ ಬೆನ್ನು ನೆಟ್ಟಗಾಯಿತು.

“ಸೋಡಿಯಂ ಧನ ಅಯಾನು ಆಗಬೇಕು ಸರ್, ಋಣ ಅಲ್ಲ. ಕಳಕೊಂಡಿದ್ದು ಋಣ ಇರೋದನ್ನ” ಎಂದಳು ಯಾಕಮ್ಮ.

“ಭೇಷ್. ಸಿಕ್ತು ಕಲ್ಲು.” ಆ ಮುಖ ಬಹಳ ದಿನಗಳ ಮೇಲೆ ಬೆಳಕು ಬಿದ್ದಂತೆ ಅರಳಿತು.

ಟಕ್ ಟಕ್.

“ಅದನ್ನ ಹೇಳಾಯ್ತಲ್ಲಮ್ಮ.”

“ಇದು ಇನ್ನೊಂದು ಸರ್.”

“ನಾನು ಹಾಕಿದ್ದು ಒಂದೇ.”

“ಗೊತ್ತು ಸರ್” ಎಂದಳು ಯಾಕಮ್ಮ. ದನಿ ಸಣ್ಣದಾಗಿತ್ತು. “ಸ್ಪ್ರಿಂಗು ತಪ್ಪು. ಬಂಧ ಮುರಿದ್ರೆ ಶಕ್ತಿ ಬರಲ್ಲ. ನಾವೇ ಕೊಡಬೇಕು.”

ಮೇಷ್ಟ್ರು ನಕ್ಕರು, ಮಕ್ಕಳ ಮಾತಿಗೆ ದೊಡ್ಡವರು ನಗುವ ಹಾಗೆ. “ಬೆಂಕಿಕಡ್ಡಿ ಹಚ್ಚಿದರೆ ಬಿಸಿ ಬರಲ್ವಾ?”

“ಬರುತ್ತೆ ಸರ್. ಆದ್ರೆ ಮೊದಲು ಗೀರಬೇಕಲ್ವಾ? ಹಳೇ ಬಂಧ ಮುರಿಯೋಕೆ ಅದು. ಆಮೇಲೆ ಹೊಸ ಬಂಧ ಆಗುತ್ತಲ್ಲ, ಆಗ ಜಾಸ್ತಿ ವಾಪಸ್ ಬರುತ್ತೆ. ಬಿಸಿ ಬರೋದು ಆ ಕಡೆಯಿಂದ.”

ಮೇಷ್ಟ್ರ ನಗು ಇದ್ದ ಹಾಗೆಯೇ ಮುಖದ ಮೇಲೆ ಉಳಿಯಿತು, ಒಳಗಿನಿಂದ ಯಾರೋ ದೀಪ ತೆಗೆದುಕೊಂಡು ಹೋದಂತೆ. “ಯಾರು ಹೇಳಿಕೊಟ್ಟಿದ್ದು ಇದನ್ನ?”

ಅಧ್ಯಾಪಕಿ ಡ್ರಾಯರಿನಿಂದ ಎರಡು ಆಯಸ್ಕಾಂತಗಳನ್ನು ತೆಗೆದು ಅವರ ಎರಡು ಅಂಗೈಗಳಲ್ಲಿ ಇಟ್ಟಳು. “ಹತ್ತಿರ ತನ್ನಿ ಸರ್.” ಅವು ತಾವಾಗಿಯೇ ಜಿಗಿದು ಟಪ್ಪೆಂದು ಕೂಡಿಕೊಂಡವು. “ಅವು ಕೂಡುವಾಗ ಸದ್ದಾಯ್ತು, ನಾವೇನೂ ಕೊಡಲಿಲ್ಲ. ಈಗ ಬಿಡಿಸಿ.”

ಅವರು ಎಳೆದರು. ಬೆರಳುಗಳು ಜಾರಿದವು. ಮತ್ತೆ ಹಿಡಿದು ಎಳೆದರು. ಮುಂಗೈಯ ನರಗಳು ಎದ್ದು ಕಂಡವು. ಆಯಸ್ಕಾಂತಗಳು ಬಿಡಿಸಿಕೊಂಡ ಮೇಲೂ ಅವರು ಬಹಳ ಹೊತ್ತು ಕೈಗಳನ್ನು ದೂರ ದೂರ ಹಿಡಿದೇ ಕುಳಿತಿದ್ದರು.

“ಹೌದಲ್ಲ” ಎಂದರು.

ಅದು ಯಾರಿಗೂ ಹೇಳಿದ ಮಾತಾಗಿರಲಿಲ್ಲ. ಬಳಿಕ ಶಿಷ್ಯೆಯ ಕಡೆ ಕತ್ತು ಓರೆಮಾಡಿದರು. ಮಕ್ಕಳೆದುರು ಇಟ್ಟುಕೊಂಡಿದ್ದ ಬಹುವಚನ ಈಗ ಅವರಿಗೆ ನೆನಪಿರಲಿಲ್ಲ.

“ನಿನಗಿದು ಯಾವಾಗಿಂದ ಗೊತ್ತು?”

“ಕಾಲೇಜಿನಲ್ಲಿದ್ದಾಗಿಂದ ಸರ್.”

“ಆಮೇಲೆ ಇಲ್ಲೇ ಪಕ್ಕದ ಕೋಣೆಯಲ್ಲಿ ಇದ್ದೆ.”

“ಹೌದು ಸರ್.”

“ನನ್ನ ಸ್ಪ್ರಿಂಗಿನ ಸದ್ದು ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು.”

“ಗೋಡೆನಾದ್ರೂ ಕುಟ್ಟಬಹುದಿತ್ತಲ್ಲೇ.”

ಅವರು ದನಿ ಎತ್ತಿರಲಿಲ್ಲ. ಗದರಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳೋ ಏನೋ. ಮೇಷ್ಟ್ರು ಎದ್ದು ಒರಸುಬಟ್ಟೆಯನ್ನು ಹುಡುಕಿ ತೆಗೆದುಕೊಂಡು, ಹಲಗೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ತಾವೇ ಒರೆಸಿದರು. ಎಲ್ಲಿ ಏನು ಉಳಿದಿದೆಯೆಂದು ಕಾಣದ್ದರಿಂದ ಖಾಲಿ ಹಲಗೆಯನ್ನೂ ಬಿಡದೆ ಒರೆಸಿದರು. ತೊಟ್ಟಿಯ ಬಳಿ ಬಿದ್ದಿದ್ದ ತುಂಡನ್ನು ಯಾಕಮ್ಮ ಎತ್ತಿ ತಂದು ಕೈಗಿಟ್ಟಾಗ, “ಒಳ್ಳೇ ಕಿವಿ, ಒಳ್ಳೇ ಕೈ” ಎಂದು ಆಕೆಯ ತಲೆ ಮುಟ್ಟಿ ಹೊರಟುಹೋದರು. ಗಂಟೆ ಇನ್ನೂ ಹೊಡೆದಿರಲಿಲ್ಲ.

“ಕೊನೇ ಕ್ಲಾಸು. ಹೀಗಾಗಬೇಕಿತ್ತಾ?” ಎಂದು ಮುಖ್ಯೋಪಾಧ್ಯಾಯಿನಿ ನಿಟ್ಟುಸಿರಿಟ್ಟು ಹೋದರು. ಯಾಕಮ್ಮ ಮೊಗಸಾಲೆಯ ಕಂಬಕ್ಕೆ ಒರಗಿ ಅಳುತ್ತಿದ್ದಳು.

“ನಾನು ಸುಮ್ಮನಿರಬೇಕಿತ್ತಾ ಮಿಸ್?”

“ಇಲ್ಲ. ನೀನು ಮಾಡಿದ್ದೇ ಸರಿ” ಎಂದಳು ಅಧ್ಯಾಪಕಿ.

ಆ ವಾರವೆಲ್ಲ ಅಧ್ಯಾಪಕಿಗೆ ಇದೇ ಯೋಚನೆ. ಬಹುಕಾಲದಿಂದ ಗುರುವಿನ ಪಾದದಲ್ಲಿಟ್ಟ ಹೂವೆಂದು ತಾನು ನಂಬಿದ್ದು ಹೂವೇ ಅಲ್ಲವೆಂಬುದು ಈಗ ಸ್ಪಷ್ಟವಾಗಿತ್ತು. ಮೌನವೊಂದೇ ತಾನು ಕೊಟ್ಟದ್ದು. ಅದರ ಫಲವನ್ನು ಉಂಡವರು ತನ್ನ ಹಿಂದೆ ಬಂದ ಮಕ್ಕಳೆಲ್ಲರೂ. ಮೇಷ್ಟ್ರು ತನ್ನಿಂದ ಬಯಸಿದ್ದು ಒಂದೇ ಒಂದು ವಸ್ತು, ಎರಡು ಸಲ ಮೇಜು ಕುಟ್ಟುವ ಸದ್ದು. ಅದನ್ನೇ ಆಕೆ ಕೊಟ್ಟಿರಲಿಲ್ಲ. ಕ್ಷಮೆ ಕೇಳಲು ಹೋಗಬೇಕೆಂದು ದಿನವೂ ಚಪ್ಪಲಿ ಮೆಟ್ಟುವಳು, ದಿನವೂ ಬಾಗಿಲಿನಿಂದಲೇ ಹಿಂದಿರುಗುವಳು. ಗಂಡ ತಮಾಷೆ ಮಾಡುವುದನ್ನು ಬಿಟ್ಟಿದ್ದ.

ಶನಿವಾರ ಮೇಷ್ಟ್ರ ಹೆಂಡತಿಯೇ ಫೋನ್ ಮಾಡಿದರು. “ನಾಳೆ ಬರಬೇಕಂತೆ. ಪುಸ್ತಕ ತರಬೇಕಂತೆ. ಇಷ್ಟೇ ಹೇಳು ಅಂದ್ರು, ಇಷ್ಟೇ ಹೇಳಿದೀನಮ್ಮ.”

ಮೇಷ್ಟ್ರು ಕಿಟಕಿಯ ಬಳಿಯ ಮೇಜಿನೆದುರು ಕುಳಿತಿದ್ದರು. ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿದ್ದರು. ಸ್ಪ್ರಿಂಗು ಎಲ್ಲಿಯೂ ಕಾಣಲಿಲ್ಲ.

“ಸರ್, ನಾನು ಅವತ್ತೇ—”

“ಅದು ಬೇಡ” ಎಂದು ಅವರು ಕೈಯೆತ್ತಿದರು. “ಕೂತ್ಕೋ. ನಿನ್ನೆ ಬ್ಯಾಂಕಿನಲ್ಲಿ ಒಬ್ಬ ಸಿಕ್ಕಿದ್ದ. ನನ್ನ ಹಳೇ ಹುಡುಗ. ‘ಸ್ಪ್ರಿಂಗು ಮರೆತಿಲ್ಲ ಸರ್’ ಅಂದ. ‘ದಯವಿಟ್ಟು ಮರೆತುಬಿಡಪ್ಪ’ ಅಂದೆ. ಅವನಿಗೆ ತಲೆಬುಡ ಅರ್ಥ ಆಗಲಿಲ್ಲ. ಅಲ್ಲೇ ನಿಂತು ಬಂಧದ ಪಾಠ ಶುರುಮಾಡಿದೆ, ಹಿಂದೆ ಸಾಲಿನಲ್ಲಿದ್ದವರು ಬೈದರು.”

“ಬೈಯದೆ ಏನು ಮಾಡ್ತಾರೆ?” ಒಳಗಿನಿಂದ ಹೆಂಡತಿಯ ದನಿ ಬಂತು. “ಕೌಂಟರಿಗೆ ಅಡ್ಡ ನಿಂತು ಕ್ಲೋರಿನ್ನು ಸೋಡಿಯಮ್ಮು ಅಂದ್ರೆ.”

ಮೇಷ್ಟ್ರು ಮಾತು ಮುಂದುವರಿಸಿದರು. “ಇನ್ನೂ ಎಷ್ಟು ಜನ ಸಿಗ್ತಾರೋ. ಸಿಕ್ಕವರಿಗಾದ್ರೂ ಸರಿಯಾಗಿ ಹೇಳಬೇಕು. ಅದಕ್ಕೆ ನನಗೆ ಮೊದಲು ಸರಿಯಾಗಿ ಗೊತ್ತಾಗಬೇಕು. ಓದೋಕೆ ಆಗಲ್ಲ. ನೀನು ಓದಿ ಹೇಳು. ಆ ಅಧ್ಯಾಯ, ಮೊದಲಿಂದ.”

ಆಕೆ ಪುಸ್ತಕ ತೆರೆದಳು. ಓದುತ್ತ, ನಿಲ್ಲಿಸಿ ವಿವರಿಸುತ್ತ, ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದಳು. ಪ್ರಶ್ನೆಗಳು ಬಹಳ ಬಂದವು, ಸುಲಭದ ಪ್ರಶ್ನೆಗಳೂ ಆಗಿರಲಿಲ್ಲ. ಬೀದಿಯ ಬಿಸಿಲು ಮೇಜಿನ ಅಂಚಿಗೆ ಬಂದು, ಪುಸ್ತಕದ ಮೇಲೆ ಹಾದು, ಗೋಡೆಗೆ ಏರಿತು.

“ನೀರು ಕುದಿದು ಆವಿಯಾದಾಗ” ಎಂದಳು ಆಕೆ, “ಅಣುವಿನ ಒಳಗಿರೋ ಬಂಧಗಳು ಮುರಿಯೋದಿಲ್ಲ. ಹೈಡ್ರೋಜನ್ನು ಆಕ್ಸಿಜನ್ನು ಅಂಟಿಕೊಂಡೇ ಇರ್ತಾವೆ. ಅಣು ಅಣುಗಳ ನಡುವಿನ ಎಳೆತ ಮಾತ್ರ ಬಿಟ್ಟುಹೋಗುತ್ತೆ.”

ಟಕ್ ಟಕ್.

ಮೇಷ್ಟ್ರು ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ್ದರು. ಕತ್ತನ್ನು ಓರೆಮಾಡಿ, ಆಕೆಯ ಮುಖದ ಅಂಚನ್ನು ನೋಡುತ್ತ ಕಾದರು.

ಆಕೆಯ ನಾಲಗೆ ಹಳೆಯ ಅಭ್ಯಾಸದಂತೆ ‘ಹೌದು ಸರ್’ ಎನ್ನಲು ಹೊರಟಿತು. ಆಕೆ ಅದನ್ನು ತಡೆದು, ಆಡಿದ ಮಾತನ್ನು ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ, ಪದಪದವಾಗಿ ಪರೀಕ್ಷಿಸಿದಳು. ಕಲ್ಲಿರಲಿಲ್ಲ. ಇನ್ನೊಮ್ಮೆ ಪರೀಕ್ಷಿಸಿದಳು. ಅವರು ನಿಜವಾಗಿ ತಪ್ಪೆಂದು ತಿಳಿದು ಕುಟ್ಟಿದರೋ, ತನ್ನನ್ನು ನೋಡಲೆಂದು ಕುಟ್ಟಿದರೋ, ಆ ಮುಖದಿಂದ ತಿಳಿಯುವಂತಿರಲಿಲ್ಲ. ಮುಂದೆಯೂ ಆಕೆ ಅದನ್ನು ಕೇಳಲಿಲ್ಲ.

“ಇಲ್ಲ ಸರ್” ಎಂದಳು. “ನಾನು ಹೇಳಿದ್ದು ಸರಿಯಾಗೇ ಇದೆ.”

“ಕಾರಣ ಹೇಳು.”

“ಆವಿ ತಣ್ಣಗಾದ್ರೆ ಮತ್ತೆ ನೀರೇ ಆಗುತ್ತೆ ಸರ್. ಒಳಗಿನ ಬಂಧ ಮುರಿದಿದ್ರೆ ಹಾಗಾಗ್ತಿರಲಿಲ್ಲ. ಪಾತ್ರೆಯಿಂದ ಎರಡು ಬೇರೆ ಬೇರೆ ಅನಿಲ ಬರ್ತಿತ್ತು.”

ಮೇಷ್ಟ್ರು ಕುಟ್ಟಿದ ಕೈಯನ್ನು ನಿಧಾನವಾಗಿ ಬಿಚ್ಚಿ ಮೇಜಿನ ಮೇಲೆ ಮಟ್ಟಸವಾಗಿ ಇಟ್ಟರು.

“ಸರಿ” ಎಂದರು. “ಮುಂದೆ ಓದು.”